ತಲೆದಿಂಬಿನ ಕತ್ತಿ ಕೋಣೆಯಿಂದ ಹೊರಗೆ ಹೋದ ಬಗೆ: ನನ್ನ ಅನುಭವ

ಕಳ್ಳತನವೋ ಹಲ್ಲೆಯೋ ಆದ ಒಂಟಿ ಮನೆಗಳಲ್ಲಿ ಮಂಚದ ತಲೆದಿಸೆಯಲ್ಲಿ ಏನೇನು ಸೇರಿಕೊಳ್ಳುತ್ತದೆ ಅಂತ ನನ್ನಂತೆ ಅಲಾರಂ ಕೂರಿಸುವ ಕೆಲಸದವರಿಗೆಲ್ಲ ಗೊತ್ತು. ಕತ್ತಿ, ಕಬ್ಬಿಣದ ಸರಳು, ಖಾರದ ಪುಡಿ ಡಬ್ಬ. ಬೆಳೆ ರಕ್ಷಣೆಯ ಪರವಾನಗಿ ಇದ್ದವರಲ್ಲಿ ತೋಟೆ ತುಂಬಿದ ಕೋವಿ. "ಅದನ್ನು ಒಳಗಿಡಿ, ಇನ್ನೇನೂ ಆಗುವುದಿಲ್ಲ" ಅಂದರೆ ಯಾರೂ ಕೇಳುವುದಿಲ್ಲ. ಒಮ್ಮೆ ಆಗಿಹೋಗಿದೆಯಲ್ಲ.

ಪುತ್ತೂರು, ಸುಳ್ಯದ ಕಡೆಯ ತೋಟದ ಮನೆಗಳಲ್ಲಿ ವೈರಿಂಗು, ಅಲಾರಂ ಕೆಲಸದ ಜೊತೆಗೇ ಆಯುಧವನ್ನು ಹಂತಹಂತವಾಗಿ ದೂರ ಸರಿಸುವ ಕ್ರಮವನ್ನು ನಾನು ಹಿಡಿದಾಗ ಎರಡೂ ಕಡೆಯವರು ಬೇಡವೆಂದರು. ಅಲಾರಂ ವ್ಯಾಪಾರದವರು ಕ್ಯಾಮೆರಾ ಹಾಕಿ ದುಡ್ಡು ತೆಗೆದುಕೊಂಡು ಬಾ ಎಂದರು. ಆಪ್ತಸಮಾಲೋಚನೆ ಬಲ್ಲವರು ಬೀಗ, ಗಂಟೆ ಹೆಚ್ಚಿದಷ್ಟೂ ಭಯ ಹೆಚ್ಚುತ್ತದೆ ಎಂದರು. ಈಗ ಎರಡೂ ಕಡೆಯವರು ನನ್ನ ಹತ್ತಿರ ಜನರನ್ನು ಕಳಿಸುತ್ತಾರೆ. ಸಮಾಲೋಚಕರ ಮಾತಿನಲ್ಲಿ ಅರ್ಧ ನಿಜವಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಹಂತಗಳ ಮಾತು ಎಲ್ಲ ಮನೆಗೂ ಅಲ್ಲ. ಸಾಯುವ ಮಾತಾಡುವವರು, ಕುಡಿದು ಮಲಗುವವರು, ಕನಸಿನಲ್ಲಿ ಎದ್ದು ಕೈಗೆ ಸಿಕ್ಕಿದ್ದನ್ನು ಬೀಸುವವರು ಇದ್ದರೆ ಕೋವಿ ಅವತ್ತೇ ಮನೆ ಬಿಡಬೇಕು. ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ತಿಂಗಳು ದಾಟಿದರೂ ದುಃಸ್ವಪ್ನ, ಬೆಚ್ಚಿಬೀಳುವುದು ನಿಲ್ಲದಿದ್ದರೆ ಅದು ವೈದ್ಯರ ಕೆಲಸ. ವೈರಿನಿಂದ ಆಗುವುದಲ್ಲ.

ಉಳಿದವರ ಮನೆಯಲ್ಲಿ ಮೊದಲು ನೋಡುವುದು ಬಾಗಿಲು. ಹಳೆ ಮನೆಗಳ ಬಾಗಿಲು ಹಲಸಿನ ಮರದ್ದು, ಗಟ್ಟಿ. ಆದರೆ ಚಿಲಕ ಕೂತಿರುವುದು ಅರ್ಧ ಇಂಚಿನ ಸ್ಕ್ರೂನಲ್ಲಿ. ಒಂದು ಒದೆತಕ್ಕೆ ಚಿಲಕ ಮುರಿಯುವುದಿಲ್ಲ, ಸ್ಕ್ರೂ ಕಿತ್ತು ಬರುತ್ತದೆ. ಚಿಲಕ ಕೂರುವ ಪಟ್ಟಿಗೆ ಎರಡು ಇಂಚಿನ ಸ್ಕ್ರೂ, ದಾರಂದದ (ಬಾಗಿಲ ಚೌಕಟ್ಟಿನ) ಮರದ ಒಳಕ್ಕೆ ಹೋಗುವಂತೆ. ಅಡ್ಡ ಅಗುಳಿ ಇದ್ದರೆ ಅದನ್ನೇ ಸರಿಮಾಡಿ ಬಳಸಿ, ಅದರಷ್ಟು ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಹೆಂಚಿನ ಮಾಡಿನ ಮನೆಯಾದರೆ ಮಲಗುವ ಕೋಣೆಯ ಮೇಲಾದರೂ ಹೆಂಚಿನ ಕೆಳಗೆ ಕಬ್ಬಿಣದ ಬಲೆ. ಒಳಗಿನಿಂದ ಬೀಗ ಹಾಕುವವರು ಕೀಲಿಕೈಯನ್ನು ಒಂದೇ ಮೊಳೆಗೆ ನೇತುಹಾಕಬೇಕು; ಬೆಂಕಿ ಬಿದ್ದರೆ ಹುಡುಕುವ ಹೊತ್ತಿರುವುದಿಲ್ಲ.

ಆಮೇಲೆ ಬೆಳಕು. ಸೆನ್ಸರ್ ದೀಪ ಏಳೆಂಟು ಅಡಿ ಎತ್ತರದಲ್ಲಿ, ಬರುವವರು ಅದರ ಎದುರಿಗೆ ಅಡ್ಡ ಹಾಯುವಂತೆ ಕೂರಬೇಕು. ನೇರ ಅದರ ಕಡೆಗೇ ನಡೆದು ಬಂದರೆ ತಡವಾಗಿ ಹಿಡಿಯುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಗಾಳಿಯ ಬಿಸಿಯೂ ಮೈಯ ಬಿಸಿಯೂ ಹತ್ತಿರ ಬರುವುದರಿಂದ ಸೆನ್ಸರ್ ಮಂಕಾಗುತ್ತದೆ. ನಾಯಿ ಇರುವ ಮನೆಯಲ್ಲಿ ಮಸೂರದ ಕೆಳಗಿನ ಭಾಗಕ್ಕೆ ಕಪ್ಪು ಟೇಪು ಅಂಟಿಸುತ್ತೇನೆ. ಎಷ್ಟು ಅಗಲ ಅನ್ನುವುದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ. ಸುಮ್ಮಸುಮ್ಮನೆ ಹತ್ತುವ ದೀಪ ನಮ್ಮ ಕೆಲಸವನ್ನೇ ಕೆಡಿಸುತ್ತದೆ: ಪ್ರತಿ ಸಲ ಹತ್ತಿದಾಗಲೂ ಒಳಗಿದ್ದವರ ಕೈ ಕತ್ತಿಗೆ ಹೋಗುತ್ತದೆ.

ಮಳೆಗಾಲವೇ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಬೇರೇನೂ ಕೇಳಿಸುವುದಿಲ್ಲ. ಭಯ ಇರುವವರು ಕಿವಿಯಿಂದ ಕಾವಲು ಕಾಯುತ್ತಿರುತ್ತಾರೆ. ಆ ಕಿವಿ ಮುಚ್ಚಿಹೋದಾಗ, ಮೇ ತಿಂಗಳಲ್ಲಿ ಕಪಾಟಿಗೆ ಹೋಗಿದ್ದ ಕತ್ತಿ ಮತ್ತೆ ದಿಂಬಿಗೆ ಬರುತ್ತದೆ. ಅದಕ್ಕೆ ಒಳಗಡೆ ಒಂದು ಚಿಕ್ಕ ಕೆಂಪು ದೀಪ ಇಡುತ್ತೇನೆ, ಹೊರಗಿನ ಸೆನ್ಸರ್ ಹತ್ತಿದರೆ ಇದೂ ಹತ್ತುತ್ತದೆ. ಅದು ಆರಿದೆಯೆಂದು ಮಲಗಿದಲ್ಲಿಂದಲೇ ಕಂಡರೆ ಏಳಬೇಕಾಗಿಲ್ಲ. ಬಾಗಿಲಿನ ಅಯಸ್ಕಾಂತದ ಸ್ವಿಚ್ಚಿಗೂ ಮಳೆಗಾಲ ವೈರಿ. ಮರ ಉಬ್ಬಿ ಬಾಗಿಲು ಪೂರ್ತಿ ಕೂರದೆ ಸಂದು ಬೆಳೆದು ನಡುರಾತ್ರಿ ಗಂಟೆ ಹೊಡೆಯುತ್ತದೆ. ಬೇಸಿಗೆಯಲ್ಲಿ ಕೂರಿಸುವಾಗಲೇ ಅಯಸ್ಕಾಂತವನ್ನೂ ಸ್ವಿಚ್ಚನ್ನೂ ಆದಷ್ಟು ಹತ್ತಿರ ಇಡಬೇಕು, ಮರ ಉಬ್ಬಿ ಸಂದು ಸ್ವಲ್ಪ ಬೆಳೆದರೂ ಗಂಟೆ ಹೊಡೆಯದಂತೆ.

ಸದ್ದಿನ ವಿಷಯದಲ್ಲಿ ಸುಮಾರು ದುಡ್ಡು ಹೋಯಿತು. ಕಿವಿ ಕಿತ್ತುಹೋಗುವ ಹೂಟರ್ ಕಳ್ಳನಿಗಿಂತ ಮೊದಲು ಮನೆಯವರನ್ನೇ ಹೆದರಿಸುತ್ತದೆ. ಹಲ್ಲೆಗೆ ಸಿಕ್ಕವರು ಅದರ ಸದ್ದಿಗೆ ಅಂದಿನ ರಾತ್ರಿಗೇ ವಾಪಸ್ಸು ಹೋದಂತೆ ನಡುಗುತ್ತಾರೆ. ಈಗ ಕೋಣೆಯೊಳಗೆ ಮೆತ್ತನೆಯ ಕರೆಗಂಟೆ, ಹೂಟರ್ ಹೊರಗೆ, ಮಂಚದ ಬಳಿಯ ಗುಂಡಿ ಒತ್ತಿದರೆ ಮಾತ್ರ. ಗುಂಡಿ ಅವರ ಕೈಯಲ್ಲಿರುವುದು ಮುಖ್ಯ. ಇದನ್ನೆಲ್ಲ ಓಡಿಸಲು 12 ವೋಲ್ಟ್, 7 ಆ್ಯಂಪ್ ಅವರ್ ಬ್ಯಾಟರಿ ಸಾಕು. ಸಿಡಿಲಿನ ಕಾಲದಲ್ಲಿ ಅಡಾಪ್ಟರ್ ಕಿತ್ತಿಟ್ಟು ಬ್ಯಾಟರಿಯಲ್ಲೇ ಓಡಿಸಿ, ಇಲ್ಲದಿದ್ದರೆ ಬೋರ್ಡು ಸುಟ್ಟು ಎಲ್ಲ ಮೊದಲಿನಿಂದ.

ಖರ್ಚು ಸುಮಾರಾಗಿ ಏಳೆಂಟು ಸಾವಿರ, ಅದರಲ್ಲಿ ಅರ್ಧ ಮರದ ಕೆಲಸಕ್ಕೆ. ಕ್ಯಾಮೆರಾ ಇಪ್ಪತ್ತರ ಮೇಲೆ ಹೋಗುತ್ತದೆ, ನಿದ್ದೆ ಕೊಡುವುದಿಲ್ಲ. ರಾತ್ರಿಯೆಲ್ಲ ಮೊಬೈಲಿನಲ್ಲಿ ಅಂಗಳ ನೋಡುತ್ತ ಕೂರುವುದು ಕತ್ತಿ ಹಿಡಿದು ಕೂರುವುದಕ್ಕಿಂತ ಕೆಟ್ಟದ್ದು. ಹಾಕಿಸಿಕೊಂಡವರ ಮನೆಯಲ್ಲಿ ಅದರ ಪರದೆಯನ್ನು ಮಲಗುವ ಕೋಣೆಯಿಂದ ಹೊರಗಿಡುವುದೇ ನನ್ನ ಮೊದಲ ಷರತ್ತು.

ಸಮಾಲೋಚಕರ ಮಾತು ನಿಜವಾಗುವುದು ಇಲ್ಲಿ. ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಷ್ಟೂ ಅನುಮಾನ ಗಟ್ಟಿಯಾಗುತ್ತದೆ. ಆದ್ದರಿಂದ ಸುತ್ತು ಒಂದೇ, ಒಂದೇ ಹೊತ್ತಿಗೆ. ಮುಂಬಾಗಿಲು, ಹಿಂಬಾಗಿಲು, ಬಚ್ಚಲು, ಅಟ್ಟ, ಪ್ರತಿಯೊಂದನ್ನೂ ಮುಟ್ಟಿ "ಹಾಕಿದೆ" ಅಂತ ಬಾಯಿಬಿಟ್ಟು ಹೇಳಬೇಕು. ಎರಡನೇ ಸುತ್ತು ಹೊರಟವರನ್ನು ಮನೆಯವರು ಬೈಯಬಾರದು, ಕೂರಿಸಿ ನೀರು ಕೊಟ್ಟು ಕಾಲು ಗಂಟೆ ತಡೆದರೆ ಸಾಕು.

ಇಷ್ಟಾಗಿ ವಾರವಾದ ಮೇಲೆ ಆಯುಧ ಸರಿಸುವುದು. ದಿಂಬಿನ ಕೆಳಗಿನಿಂದ ಮಂಚದ ಕೆಳಗೆ. ಅಲ್ಲಿಂದ ಅದೇ ಕೋಣೆಯ ಕಪಾಟಿಗೆ, ಬಾಗಿಲು ಮುಚ್ಚಿ. ಆಮೇಲೆ ಕಪಾಟಿಗೆ ಬೀಗ. ಆಮೇಲೆ ಕೋಣೆಯಿಂದ ಹೊರಗೆ. ಒಂದೊಂದಕ್ಕೂ ವಾರ, ಹತ್ತು ದಿನ. ಪ್ರತಿ ಹಂತದಲ್ಲಿ ಆ ಜಾಗಕ್ಕೆ ಟಾರ್ಚು ಬರಬೇಕು. ಕೈಗೆ ಏನಾದರೂ ಸಿಗಬೇಕು, ಖಾಲಿ ಬಿಟ್ಟರೆ ಕತ್ತಿ ತಿರುಗಿ ಬರುತ್ತದೆ. ಕೋವಿಯಾದರೆ ಮೊದಲ ದಿನವೇ ತೋಟೆ ಬೇರೆ, ಕೋವಿ ಬೇರೆ, ಎರಡು ಬೀಗ, ಎರಡು ಕೀಲಿಕೈ, ಒಂದು ಮನೆಯ ಇನ್ನೊಬ್ಬರ ಹತ್ತಿರ. ಊರಲ್ಲಿ ಹೊಸ ಕಳ್ಳತನದ ಸುದ್ದಿ ಬಂದರೆ ಒಂದು ಹಂತ ಹಿಂದೆ ಹೋಗಲಿ, ಎರಡು ಬೇಡ. ಘಟನೆ ನಡೆದ ತಾರೀಖಿನ ಹತ್ತಿರ, ಮನೆಯವರೊಬ್ಬರು ಪರ ಊರಿಗೆ ಹೋದ ದಿನ ಏನನ್ನೂ ಸರಿಸಬೇಡಿ.

ಗಾಢ ನಿದ್ದೆಯಿಂದ ಬೆಚ್ಚಿ ಎದ್ದವರ ತಲೆ ತಕ್ಷಣ ತಿಳಿಯಾಗುವುದಿಲ್ಲ, ಕೆಲವರಿಗೆ ಅರ್ಧ ಗಂಟೆ ಬೇಕು. ಆ ಹೊತ್ತಿನಲ್ಲಿ ಕೈಯಲ್ಲಿ ಆಯುಧ ಇದ್ದರೆ ಎದುರಿಗೆ ಸಿಗುವವರು ಬಚ್ಚಲಿಗೆ ಎದ್ದ ಮಗ, ಸೊಸೆ. ಅದಕ್ಕೆ ಕ್ರಮ ಹೀಗೆ: ಮೊದಲು ಟಾರ್ಚು, ಆಮೇಲೆ ಕಾಲು ನೆಲಕ್ಕೆ, ಆಮೇಲೆ ಹೆಸರು ಹಿಡಿದು ಕರೆಯುವುದು, ಉತ್ತರ ಬಾರದಿದ್ದರೆ ಕೋಣೆಯ ಬಾಗಿಲು ಹಾಕಿಕೊಂಡು 112. ರಾತ್ರಿ ಏಳುವವರು ಮೊದಲೇ "ಅಮ್ಮ, ನಾನು" ಅಂತ ಕೂಗಬೇಕು. ಹಗಲಲ್ಲಿ ಇದನ್ನು ನಾಲ್ಕೈದು ಸಲ ಮಾಡಿಸುತ್ತೇನೆ, ಮಕ್ಕಳನ್ನೂ ಸೇರಿಸಿ.

ಖಾರದ ಪುಡಿಯ ಬಗ್ಗೆ ಕೇಳುವವರು ಬಹಳ. ಫ್ಯಾನ್ ಓಡುವ ಕೋಣೆಯಲ್ಲಿ ಎರಚಿದರೆ ನಮ್ಮ ಕಣ್ಣಿಗೇ ಬರುತ್ತದೆ, ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ಕಿಟಕಿ ಕೆಳಗೆ ಅಡಿಕೆ ಸೋಗೆ ಹರಡಿ ನೋಡಿದ್ದೂ ಇದೆ: ಬೇಸಿಗೆಯಲ್ಲಿ ಚೆನ್ನಾಗಿ ಸದ್ದು ಬರುತ್ತದೆ, ಒಂದು ಮಳೆ ಬಿದ್ದರೆ ಮೆತ್ತಗಾಗುತ್ತದೆ. ಜಲ್ಲಿ ವರ್ಷವಿಡೀ ನಡೆಯುತ್ತದೆ, ಮುಕ್ಕಾಲು ಇಂಚಿನದು, ಮೂರು ನಾಲ್ಕು ಬೆರಳು ದಪ್ಪ.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸಲು ಹೇಳುವುದು ರೈತರಿಗೆ ಕಿರಿಕಿರಿ. ನಾನು ಮಾತ್ರ ಆ ವಾರಗಳನ್ನೇ ಹಿಡಿದು ಕೆಲಸ ಮುಗಿಸುತ್ತೇನೆ. ಕೋವಿಯಿಲ್ಲದ ಆ ದಿನಗಳಲ್ಲಿ ಹೇಗೆ ಮಲಗಿದರು ಅಂತ ದಿನವೂ ಒಂದು ಸಾಲು ಬರೆಸಿಟ್ಟರೆ ಕೋವಿ ವಾಪಸ್ಸು ಬಂದಾಗ ತಲೆದಿಸೆಗೆ ಹೋಗುವುದಿಲ್ಲ, ನೇರ ಬೀಗದೊಳಗೆ ಹೋಗುತ್ತದೆ. ಕೊಡಗಿನಲ್ಲಿ ಲೆಕ್ಕ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಮೊದಲು ಹೇಳಿದ ಸಾಯುವ ಮಾತು, ಕುಡಿತದಂಥ ಅಪಾಯ ಇಲ್ಲದ ಮನೆಯಲ್ಲಿ, ಆಯುಧ ಪೂಜಿಸುವ ಹಬ್ಬ ಕೈಲ್ ಪೊಳ್ದ್‌ನಲ್ಲಿ ಪೂಜೆಗೊಳ್ಳುವ ಕೋವಿಯನ್ನು ಮನೆಯಿಂದ ಹೊರಗೆ ಕಳಿಸಿ ಅನ್ನುವುದು ಸರಿಯಲ್ಲ. ಹಿರಿಯರ ಕೈಯಿಂದಲೇ ಅದನ್ನು ನಡುಮನೆಗೆ ತೆಗೆಸಿ ಅಲ್ಲೇ ಬೀಗ ಹಾಕಿಸಿದರೆ ಒಪ್ಪುತ್ತಾರೆ. ತೋಟೆಯ ಕೀಲಿಕೈಯನ್ನು ಭಯಪಟ್ಟವರ ಹತ್ತಿರ ಬಿಡಬೇಡಿ, ಕೇಳಿದರೂ.