ಒಂಟಿ ಹರಳಿನ ಸುಳಿವು: ಪದಬಂಧ ಬಿಡಿಸುವುದು ಹೇಗೆ?

‘ಒಂದೇ ಹರಳು ಕೂರಿಸಿದ ಒಡವೆ’ ಎಂಬ ಸುಳಿವು ಕಂಡರೆ ಕೈ ತಾನಾಗಿ ‘ಉಂಗುರ’ ಎಂದು ಬರೆಯಲು ಹೋಗುತ್ತದೆ. ಸ್ವಲ್ಪ ತಡೆಯಿರಿ, ಮೊದಲು ಮನೆ ಎಣಿಸಿ. ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲವೂ ಆ ಮನೆಯೊಳಗೇ ಸೇರುತ್ತವೆ. ಹಾಗಾಗಿ ಉಂಗುರಕ್ಕೆ ಮೂರು ಮನೆ, ಮೂಗುಬೊಟ್ಟಿಗೆ ನಾಲ್ಕು. ಒಂದೇ ವಜ್ರ ಕೂರಿಸಿದ ಒಡವೆಗೆ ಹೇಳುವ ಸಾಲಿಟೇರ್‌ಗೂ ನಾಲ್ಕೇ. ಅವೆನ್ಯೂ ರಸ್ತೆಯಲ್ಲೋ ಜಯನಗರದಲ್ಲೋ ಒಡವೆ ಅಂಗಡಿಗೆ ಹೋದವರಿಗೆ ಈ ಹೆಸರು ಗೊತ್ತಿರುತ್ತದೆ. ಇಂಗ್ಲಿಷ್ ಪದಬಂಧದಲ್ಲಿ ಇದೇ ಪದಕ್ಕೆ ಒಂಬತ್ತು ಮನೆ ಬೇಕು. ಅಲ್ಲಿ ‘ಒಬ್ಬರೇ ಆಡುವ ಇಸ್ಪೀಟಾಟ’ ಎಂದು ಕೇಳಿದರೂ ಉತ್ತರ ಇದೇ.

ಆಮೇಲೆ ಸುಳಿವಿನ ಕೊನೆಯ ಪದ ನೋಡಿ. ಕೇಳುತ್ತಿರುವುದು ಒಡವೆಯನ್ನೋ, ಹರಳನ್ನೋ ಎಂಬುದು ಅಲ್ಲೇ ತಿಳಿಯುತ್ತದೆ. ‘ಹರಳು ಕೂರಿಸಿದ’ ಎಂದಷ್ಟೇ ಬರೆದು ಮೂರು ಮನೆ ಕೊಟ್ಟಿದ್ದರೆ ಉತ್ತರ ಒಡವೆಯೂ ಅಲ್ಲ, ಹರಳೂ ಅಲ್ಲ, ‘ಖಚಿತ’. ರತ್ನಖಚಿತ ಕಿರೀಟ ಅಂತೀವಲ್ಲ, ಅದೇ. ‘ಜೊತೆಯಿಲ್ಲದ ಕಿವಿಯೊಡವೆ (2)’ ಎಂದರೆ ‘ಒಂಟಿ’. ಗಂಡಸರು ಕಿವಿಗೆ ಹಾಕುವ ಒಡವೆಗೂ ಈ ಹೆಸರಿದೆ. ಇಂಥ ಎರಡರ್ಥದ ಸುಳಿವು ಬರೆದವರ ಬಗ್ಗೆ ನನಗೆ ತುಂಬಾ ಗೌರವ.

ಹರಳಿನ ಹೆಸರನ್ನೇ ಕೇಳಿದಾಗ ಕಷ್ಟ ಜಾಸ್ತಿ. ನವರತ್ನ ಅಂದರೆ ಒಂಬತ್ತೇ ಕಲ್ಲು, ಆದರೆ ಹೆಸರು ಒಂಬತ್ತಕ್ಕೆ ನಿಲ್ಲುವುದಿಲ್ಲ. ಪಚ್ಚೆಗೆ ಮರಕತ, ಮುತ್ತಿಗೆ ಮೌಕ್ತಿಕ, ವಜ್ರಕ್ಕೆ ಹೀರ. ಸುಳಿವಿನಲ್ಲೇ ‘ಹವಳ’ ಎಂದಿದ್ದರೆ ಉತ್ತರ ಹವಳ ಆಗಿರುವುದಿಲ್ಲ. ಪ್ರವಾಳ ಇಲ್ಲವೇ ವಿದ್ರುಮ. ಸುಳಿವು ‘ಕಡಲಲ್ಲಿ ಸಿಗುವ ಕೆಂಪು ರತ್ನ (3)’ ಎಂದಿದ್ದರೆ ಮೂರೂ ಹೊಂದುತ್ತವೆ. ಮೇಲಿನಿಂದ ಕೆಳಕ್ಕೆ ಬರುವ ಪದದಿಂದ ಕೊನೆಯ ಮನೆಗೆ ‘ಳ’ ಸಿಕ್ಕಿದರೂ ಸಾಲದು, ಹವಳ ಮತ್ತು ಪ್ರವಾಳ ಎರಡೂ ಅದರಲ್ಲೇ ಮುಗಿಯುತ್ತವೆ. ನಡುವಿನ ಮನೆ ಹಿಡಿಯಿರಿ: ‘ವ’ ಬಂದರೆ ಹವಳ, ‘ವಾ’ ಬಂದರೆ ಪ್ರವಾಳ, ‘ದ್ರು’ ಬಂದರೆ ವಿದ್ರುಮ. ನಾಲ್ಕು ಮನೆಯ ಪದ್ಮರಾಗ, ಪುಷ್ಯರಾಗದ ಕಥೆಯೂ ಇದೇ. ಎರಡರ ಕೊನೆಯೂ ‘ರಾಗ’. ಮೊದಲೆರಡು ಮನೆಗಳಲ್ಲಿ ಒಂದಾದರೂ ತುಂಬುವವರೆಗೆ ಪೆನ್ನು ಮುಟ್ಟಬೇಡಿ. ಬಣ್ಣ ಹೇಳಿದ್ದರೆ ಮಾತ್ರ ಧೈರ್ಯ ಮಾಡಬಹುದು. ಕೆಂಪಾದರೆ ಪದ್ಮರಾಗ, ಹಳದಿಯಾದರೆ ಪುಷ್ಯರಾಗ.

ಬಿಡಿ ರತ್ನದ ಸುಳಿವುಗಳಲ್ಲಿ ನನಗೆ ಅಚ್ಚುಮೆಚ್ಚು ಪುರಾಣದವು. ವಿಷ್ಣುವಿನ ಎದೆಯ ಮೇಲಿರುವುದು ಕೌಸ್ತುಭ, ಮೂರು ಮನೆ. ಸೀತೆ ಹನುಮಂತನ ಕೈಯಲ್ಲಿ ಕಳಿಸಿದ್ದು ಚೂಡಾಮಣಿ, ನಾಲ್ಕು. ಕೃಷ್ಣನ ಮೇಲೆ ಕಳ್ಳತನದ ಅಪವಾದ ತಂದದ್ದು ಸ್ಯಮಂತಕ, ಅದಕ್ಕೂ ನಾಲ್ಕು. ಹಾರದ ನಡುವಿನ ದೊಡ್ಡ ರತ್ನ ನಾಯಕಮಣಿ, ಐದು. ಇವನ್ನು ಸುಮ್ನೆ ಒಮ್ಮೆ ಬರೆದಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತವೆ.

ಕೊನೆಗೂ ಸಿಗದಿದ್ದರೆ ನಿಘಂಟು ತೆಗೆಯುವುದರಲ್ಲಿ ತಪ್ಪೇನಿಲ್ಲ. 1894ರಲ್ಲಿ ಬಂದ ಕಿಟೆಲ್ ನಿಘಂಟು ಹಳೆಯ ಒಡವೆ ಹೆಸರುಗಳಿಗೆ ಈಗಲೂ ಒಳ್ಳೆಯದು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇನ್ನೂ ವಿಸ್ತಾರವಾದದ್ದು. ಒಂದೇ ಪದವನ್ನು ಎರಡು ರೀತಿ ಬರೆಯುವುದುಂಟು ಎಂಬುದು ನೆನಪಿರಲಿ. ಗೋಮೇಧಿಕವನ್ನು ಗೋಮೇದಿಕ ಎಂದೂ ಬರೆಯುತ್ತಾರೆ. ಆ ಮೂರನೇ ಮನೆಯನ್ನು ಪೆನ್ಸಿಲ್‌ನಲ್ಲೇ ಬಿಟ್ಟು, ಮೇಲಿನಿಂದ ಬರುವ ಪದಕ್ಕೆ ‘ಧಿ’ ಬೇಕೋ ‘ದಿ’ ಬೇಕೋ ನೋಡಿ ತಿದ್ದಿ.