ಡೆತ್ ವ್ಯಾಲಿಯ ತಳದಿಂದ ಸಿಯೆರಾದ ತಪ್ಪಲಿಗೆ: ಗೆಳೆಯರ ಮನೆಗಳನ್ನು ಹಾದು ಹೋಗುವ ಕಾರು ಪ್ರಯಾಣಕ್ಕೊಂದು ಕೈಪಿಡಿ

ಕ್ಯಾಲಿಫೋರ್ನಿಯಾದ ಪೂರ್ವ ಅಂಚಿನಲ್ಲಿ ಉತ್ತರ ಅಮೆರಿಕದ ಅತ್ಯಂತ ತಗ್ಗಿನ ನೆಲವೂ ಅಲಾಸ್ಕಾವನ್ನು ಬಿಟ್ಟರೆ ಅಮೆರಿಕ ದೇಶದ ಅತಿ ಎತ್ತರದ ಶಿಖರವೂ ಒಂದಕ್ಕೊಂದು ಹತ್ತಿರದಲ್ಲಿಯೇ ಇವೆ. ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ; ಸಿಯೆರಾ ನೆವಾಡಾ ಪರ್ವತಸಾಲಿನ ಮೌಂಟ್ ವಿಟ್ನಿ 4,421 ಮೀಟರ್ ಎತ್ತರವಿದೆ; ನೇರವಾಗಿ ಅಳೆದರೆ ಇವೆರಡರ ನಡುವಿನ ದೂರ ಸುಮಾರು 136 ಕಿಲೋಮೀಟರ್ ಮಾತ್ರ. ಲಾಸ್ ವೇಗಸ್ ಕಡೆಯಿಂದ ಹೊರಟು, ಈ ಕಣಿವೆಯನ್ನು ದಾಟಿ, 395ನೇ ಹೆದ್ದಾರಿಯ ಉದ್ದಕ್ಕೂ ಇರುವ ಲೋನ್ ಪೈನ್, ಬಿಷಪ್, ಮ್ಯಾಮತ್ ಲೇಕ್ಸ್ ಊರುಗಳ ಗೆಳೆಯರನ್ನು ಕಾಣಲು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ದಾರಿಯಲ್ಲಿ ಕಿಲೋಮೀಟರ್‌ಗಳ ಲೆಕ್ಕ ನಂಬಿಕೆಗೆ ಅರ್ಹವಲ್ಲ. ಯಾವ ಹೊತ್ತಿನಲ್ಲಿ ಎಷ್ಟು ಎತ್ತರದಲ್ಲಿರುತ್ತೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಬೇಕು.

ಕಾಲದ ಆಯ್ಕೆಯೇ ಅರ್ಧ ಕೆಲಸ. ಕಣಿವೆಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ವಿಶ್ವ ಹವಾಮಾನ ಸಂಸ್ಥೆ ಜಗತ್ತಿನ ದಾಖಲೆಯೆಂದು ಪರಿಗಣಿಸುತ್ತದೆ. ಬೇಸಿಗೆಯಲ್ಲಿ ಇಂದಿಗೂ ಅಲ್ಲಿ 50 ಡಿಗ್ರಿ ಅಪರೂಪವಲ್ಲ. ಚಳಿಗಾಲದಲ್ಲಿ ಕಣಿವೆ ಹಿತವಾಗಿರುತ್ತದೆ, ಆದರೆ ಆಗ ಬೆಟ್ಟದ ಮೇಲಿನ ರಸ್ತೆಗಳು ಹಿಮದಿಂದ ಮುಚ್ಚಿರುತ್ತವೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ನೋಡಬೇಕೆಂದರೆ ಅಕ್ಟೋಬರ್ ತಿಂಗಳ ನಡುಭಾಗವೇ ಮೇಲೆಂದು ನನ್ನ ಖಚಿತ ಅಭಿಪ್ರಾಯ. ತಗ್ಗಿನ ಬಿಸಿಲು ಅಷ್ಟರಲ್ಲಿ ಇಳಿಮುಖವಾಗಿರುತ್ತದೆ, ಬಿಷಪ್ ಮೇಲಿನ ಕಣಿವೆಗಳಲ್ಲಿ ಆಸ್ಪೆನ್ ಮರಗಳ ಎಲೆಗಳು ಹಳದಿಯಾಗಿ ಹೊಳೆಯುತ್ತಿರುತ್ತವೆ, ಘಾಟಿಗಳೂ ಸಾಮಾನ್ಯವಾಗಿ ತೆರೆದಿರುತ್ತವೆ.

ಹೊರಡುವ ಮೊದಲು ಗೆಳೆಯರೊಡನೆ ಆಡಬೇಕಾದ ಮಾತೊಂದಿದೆ. ಡೆತ್ ವ್ಯಾಲಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆದ್ದರಿಂದ "ಆರು ಗಂಟೆಗೆ ಬರುತ್ತೇವೆ" ಎಂದು ಹೇಳಬೇಡಿ. ಆರರಿಂದ ಒಂಬತ್ತರೊಳಗೆ ಬರುತ್ತೇವೆ, ಯಾವ ರಸ್ತೆಯಲ್ಲಿ ಬರುತ್ತೇವೆ, ಕಾರಿನ ಬಣ್ಣ ಮತ್ತು ನಂಬರ್ ಏನು, ಹತ್ತು ಗಂಟೆಯಾದರೂ ಸುದ್ದಿಯಿಲ್ಲದಿದ್ದರೆ ತುರ್ತು ಸಹಾಯದ 911ಕ್ಕೆ ಕರೆ ಮಾಡಿ ಎಂದು ಬರೆದು ಕಳಿಸಿ. ಹೀಗೆ ಮಾಡಿದರೆ ಆತಿಥೇಯರು ಊಟ ಬಿಸಿ ಮಾಡಿಕೊಂಡು ಬಾಗಿಲಲ್ಲಿ ಕಾಯುವ ಸಂಕಟವೂ ತಪ್ಪುತ್ತದೆ, ತಡವಾಯಿತೆಂದು ಕತ್ತಲಲ್ಲಿ ವೇಗ ಹೆಚ್ಚಿಸುವ ಒತ್ತಡವೂ ನಿಮ್ಮ ಮೇಲೆ ಬೀಳುವುದಿಲ್ಲ. ಹಾಗೆಯೇ ದಾರಿಯ ಸ್ಥಿತಿಯನ್ನು ಅವರಿಂದಲೇ ಕೇಳಿ ತಿಳಿಯಿರಿ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಅವಶೇಷ ತಂದ ಮಳೆಗೆ ಕಣಿವೆಯ ರಸ್ತೆಗಳು ಕೊಚ್ಚಿಹೋಗಿ, ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನ ಸುಮಾರು ಎರಡು ತಿಂಗಳು ಮುಚ್ಚಿತ್ತು. ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನ, ರಸ್ತೆಗಳ ಸ್ಥಿತಿ ತೋರಿಸುವ ಕ್ವಿಕ್‌ಮ್ಯಾಪ್ ಎಂಬ ನಕ್ಷೆಯನ್ನು ಮತ್ತು ರಾಷ್ಟ್ರೀಯ ಉದ್ಯಾನದ ಪುಟವನ್ನು ಹೊರಡುವ ದಿನ ಬೆಳಿಗ್ಗೆ ನೋಡುವುದು ಕಡ್ಡಾಯವೆಂದೇ ತಿಳಿಯಿರಿ.

ಕಾರಿನ ಸಿದ್ಧತೆಯಲ್ಲಿ ಟೈರ್, ಕೂಲಂಟ್ ಮತ್ತು ಬ್ರೇಕ್ ಮುಖ್ಯ. ಸ್ಟೆಪ್ನಿ ಇದೆಯೇ, ಅದರಲ್ಲಿ ಗಾಳಿ ಇದೆಯೇ ಎಂದು ಡಿಕ್ಕಿ ತೆಗೆದು ಕಣ್ಣಾರೆ ನೋಡಿ, ಏಕೆಂದರೆ ಈಗಿನ ಅನೇಕ ಕಾರುಗಳಲ್ಲಿ ಸ್ಟೆಪ್ನಿಯ ಬದಲು ಗಾಳಿ ತುಂಬುವ ಕಿಟ್ ಮಾತ್ರ ಇರುತ್ತದೆ. ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಇಟ್ಟುಕೊಳ್ಳಿ. ಅದು ಡಿಕ್ಕಿಯ ತಳದಲ್ಲಿ ಅಲ್ಲ, ಕೈಗೆ ಸಿಗುವಲ್ಲಿರಲಿ. ಪೆಟ್ರೋಲನ್ನು ನೆವಾಡಾದ ಪರಂಪ್ ಅಥವಾ ಬೀಟಿಯಲ್ಲಿಯೇ ತುಂಬಿಸಿಕೊಳ್ಳಿ. ಕಣಿವೆಯೊಳಗಿನ ಬಂಕ್‌ಗಳು ಕೆಲವೇ, ದರವೂ ಬಹಳ ಹೆಚ್ಚು. ಕಾಗದದ ನಕ್ಷೆಯೊಂದು ಇರಲೇಬೇಕು. ಜಿಪಿಎಸ್ ಇಲ್ಲಿ ಹಳೆಯ, ಬಳಕೆಯಲ್ಲಿಲ್ಲದ ಮಣ್ಣಿನ ಹಾದಿಗಳನ್ನು ರಸ್ತೆಯೆಂದು ತೋರಿಸಿ, ಜನರನ್ನು ಅಪಾಯಕ್ಕೆ ಒಡ್ಡಿದ್ದುಂಟು. ಬಾಡಿಗೆ ಕಾರಾದರೆ ಡಾಂಬರು ಬಿಟ್ಟು ಇಳಿಯಬೇಡಿ. ಸಾಮಾನ್ಯವಾಗಿ ಕರಾರಿನಲ್ಲಿಯೇ ಅದಕ್ಕೆ ನಿಷೇಧವಿರುತ್ತದೆ. ಕಲ್ಲುಗಳು ತಾವೇ ಸರಿದಾಡುವ ರೇಸ್‌ಟ್ರ್ಯಾಕ್ ಪ್ಲಾಯಾ ಎಂಬ ಒಣ ಸರೋವರದ ಬಯಲನ್ನು ನೋಡುವ ಆಸೆ ಸಹಜವೇ. ತೆಳುವಾದ ಮಂಜುಗಡ್ಡೆಯ ಹಾಳೆಗಳು ಗಾಳಿಗೆ ತೇಲುತ್ತಾ ಆ ಕಲ್ಲುಗಳನ್ನು ತಳ್ಳುತ್ತವೆಂದು ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಮೇಲಂತೂ ಆ ಜಾಗದ ಬಗೆಗಿನ ಕುತೂಹಲ ನನಗೆ ಇನ್ನಷ್ಟು ಹೆಚ್ಚಿತು. ಆದರೆ ಅಲ್ಲಿಗೆ ಹೋಗುವ 43 ಕಿಲೋಮೀಟರ್ ಹಾದಿಯ ಚೂಪು ಕಲ್ಲುಗಳು ಸಾಮಾನ್ಯ ಟೈರುಗಳನ್ನು ಉಳಿಸುವುದಿಲ್ಲ.

ಕಣಿವೆಯ ದಿನವನ್ನು ಸೂರ್ಯೋದಯಕ್ಕೆ ಮೊದಲೇ ಆರಂಭಿಸಿ. ಕಾರೊಂದಕ್ಕೆ ಏಳು ದಿನಗಳ ಪ್ರವೇಶ ಶುಲ್ಕ 30 ಡಾಲರ್. ಮೊದಲ ಬೆಳಕು ಎದುರಿನ ಪ್ಯಾನಮಿಂಟ್ ಬೆಟ್ಟಸಾಲಿನ ನೆತ್ತಿಯಿಂದ ನಿಧಾನವಾಗಿ ಕೆಳಗಿಳಿಯುವುದನ್ನು ಜ಼ಬ್ರಿಸ್ಕೀ ಪಾಯಿಂಟ್‌ನಲ್ಲಿ ನಿಂತು ನೋಡಬೇಕು; ಕಾಲ ಕೆಳಗಿನ ಮಡಿಕೆ ಬಿದ್ದ ಹಳದಿ ಮಣ್ಣಿನ ದಿಬ್ಬಗಳು ಬಿಸಿಲೇರಿದ ಮೇಲೆ ಸಪ್ಪೆಯಾಗುತ್ತವೆ. ಅಲ್ಲಿಂದ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲಿಗೆ ಹೋಗಿ, ಬರುವಾಗ ಆರ್ಟಿಸ್ಟ್ಸ್ ಡ್ರೈವ್ ಎಂಬ ಏಕಮುಖ ರಸ್ತೆಯಲ್ಲಿ ತಿರುಗಿ. ಆ ರಸ್ತೆಯನ್ನು ದಕ್ಷಿಣದ ತುದಿಯಿಂದಲೇ ಪ್ರವೇಶಿಸಬೇಕಾದ್ದರಿಂದ ಈ ಕ್ರಮವೇ ಅನುಕೂಲ. ಬಿಸಿಲೇರುವ ಹೊತ್ತಿಗೆ ಡಾಂಟೆಸ್ ವ್ಯೂಗೆ ಏರಿರಿ. ಅದು ಬ್ಯಾಡ್‌ವಾಟರ್‌ನ ನೆತ್ತಿಯ ಮೇಲೆಯೇ 1,669 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಉಷ್ಣತೆ ಇಳಿಯುವುದರಿಂದ ಅಲ್ಲಿ ಹತ್ತು ಡಿಗ್ರಿಗೂ ಹೆಚ್ಚು ತಂಪಿರುತ್ತದೆ, ಬೆಳಿಗ್ಗೆ ನಡೆದು ಬಂದ ಬಿಳಿಯ ಬಯಲು ಕೆಳಗೆ ಚೆಲ್ಲಿದ ಹಾಲಿನಂತೆ ಕಾಣುತ್ತದೆ. ಮೆಸ್ಕೀಟ್ ಫ್ಲಾಟ್‌ನ ಮರಳುದಿಣ್ಣೆಗಳನ್ನು ಮರುದಿನದ ಮುಂಜಾನೆಗೆ ಉಳಿಸಿಕೊಂಡು ರಾತ್ರಿ ಕಣಿವೆಯಲ್ಲಿಯೇ ತಂಗುವುದು ನನ್ನ ಸಲಹೆ. 2013ರಿಂದ ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನವೆಂದು ಮನ್ನಣೆ ಪಡೆದಿರುವ ಈ ಜಾಗದ ನಕ್ಷತ್ರಗಳನ್ನು ನೋಡದೆ ಹೋದರೆ ಅರ್ಧ ಕಣಿವೆಯನ್ನು ಬಿಟ್ಟು ಹೋದಂತೆ.

ಎರಡನೆಯ ದಿನ 190ನೇ ಹೆದ್ದಾರಿಯಲ್ಲಿ ನಿಜವಾದ ಏರು ಎದುರಾಗುತ್ತದೆ. ಸ್ಟವ್‌ಪೈಪ್ ವೆಲ್ಸ್ ಬಹುತೇಕ ಸಮುದ್ರಮಟ್ಟದಲ್ಲಿದೆ; ಅಲ್ಲಿಂದ ಸುಮಾರು 27 ಕಿಲೋಮೀಟರ್ ಒಳಗೆ ರಸ್ತೆ 1,511 ಮೀಟರ್ ಎತ್ತರದ ಟೌನ್ ಪಾಸ್‌ಗೆ ಏರಿ, ಆಚೆ ಬದಿಯಲ್ಲಿ ಪ್ಯಾನಮಿಂಟ್ ಕಣಿವೆಗೆ ಕಡಿದಾಗಿ ಇಳಿದು, ಮತ್ತೆ ಫಾದರ್ ಕ್ರೌಲಿ ಎಂಬ ವೀಕ್ಷಣಾ ತಾಣದ ಕಡೆಗೆ ಏರುತ್ತದೆ. ಏರುವಾಗ ಎಂಜಿನ್ನಿನ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿರಲಿ. ಅದು ಮೇಲೇರತೊಡಗಿದರೆ ಎ.ಸಿ. ಆಫ್ ಮಾಡಿ, ಅಗತ್ಯವಾದರೆ ಹೀಟರ್ ಹಾಕಿ, ಏಕೆಂದರೆ ಹೀಟರ್ ಎಂಜಿನ್ನಿನ ಬಿಸಿಯನ್ನು ಹೊರಗೆಳೆಯುವ ಇನ್ನೊಂದು ದಾರಿ. ಬಿಸಿಯಾದ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಇಳಿಯುವುದು ಏರುವುದಕ್ಕಿಂತ ಕಷ್ಟ. ಬ್ರೇಕನ್ನು ಒತ್ತಿಯೇ ಇಳಿದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆಟೋಮ್ಯಾಟಿಕ್ ಕಾರಿನಲ್ಲಿಯೂ ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ವೇಗ ಹೆಚ್ಚಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಬಿಡುವುದು ಸರಿಯಾದ ಕ್ರಮ. ಎರಡು ಲೇನ್‌ಗಳ ಇಂಥ ರಸ್ತೆಯಲ್ಲಿ ನಿಧಾನವಾಗಿ ಹೋಗುವವರ ಹಿಂದೆ ಐದು ಅಥವಾ ಹೆಚ್ಚು ವಾಹನಗಳು ಸಾಲುಗಟ್ಟಿದರೆ, ಮೊದಲು ಸಿಗುವ ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನೇ ಹೇಳುತ್ತದೆ.

ಲೋನ್ ಪೈನ್ ತಲುಪುವ ಮೊದಲು ಎಡಕ್ಕೆ ಕಾಣುವ ಬೆಳ್ಳನೆಯ ಬಯಲು ಓವೆನ್ಸ್ ಸರೋವರದ ತಳ. 1913ರಲ್ಲಿ ಲಾಸ್ ಏಂಜಲೀಸ್ ನಗರದ ಕಾಲುವೆ ಓವೆನ್ಸ್ ನದಿಯ ನೀರನ್ನು ತಿರುಗಿಸಿಕೊಂಡ ನಂತರ ಅದು ಬತ್ತಿತು. ಊರಿನ ಉತ್ತರಕ್ಕೆ ಹೆದ್ದಾರಿಯ ಪಕ್ಕದಲ್ಲಿಯೇ ಮಂಜ಼ನಾರ್ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಪಾನಿ ಮೂಲದವರನ್ನು, ಬಹುಪಾಲು ಅಮೆರಿಕದ ಪ್ರಜೆಗಳನ್ನೇ, ಇಲ್ಲಿ ಕೂಡಿಹಾಕಲಾಗಿತ್ತು. ಗೆಳೆಯರ ಮನೆಗೆ ಬೇಗ ತಲುಪುವ ಆತುರವಿದ್ದರೂ ಇಲ್ಲಿ ಒಂದೆರಡು ಗಂಟೆ ನಿಲ್ಲಲೇಬೇಕು.

ಬಿಗ್ ಪೈನ್‌ನಲ್ಲಿ ಬಲಕ್ಕೆ ತಿರುಗಿದರೆ ವೈಟ್ ಮೌಂಟನ್ಸ್ ಮೇಲಿನ ಬ್ರಿಸಲ್‌ಕೋನ್ ಪೈನ್ ವನ ಸಿಗುತ್ತದೆ. ಅಲ್ಲಿ 4,800 ವರ್ಷ ದಾಟಿದ ಮರವೊಂದು ಇಂದಿಗೂ ಬದುಕಿದೆ; ಅದರ ರಕ್ಷಣೆಗಾಗಿ ಯಾವುದೆಂದು ಗುರುತು ಹಾಕಿಲ್ಲ. ಆ ವನದ ಶುಲ್ಮನ್ ಗ್ರೋವ್ ಎಂಬ ಭಾಗ ಮೂರು ಸಾವಿರ ಮೀಟರ್ ದಾಟಿದ ಎತ್ತರದಲ್ಲಿದೆ, ದಾರಿಯಲ್ಲಿ ನೀರೂ ಪೆಟ್ರೋಲೂ ಇಲ್ಲ, ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇಕಡಾ 70ರಷ್ಟು ಮಾತ್ರ. ಆದ್ದರಿಂದ ಕಣಿವೆಯಿಂದ ಬಂದ ದಿನವೇ ಅಲ್ಲಿಗೆ ಏರಬೇಡಿ. ಸುಮಾರು 1,265 ಮೀಟರ್ ಎತ್ತರದ ಬಿಷಪ್‌ನಲ್ಲಿ ಗೆಳೆಯರ ಮನೆಯಿದ್ದರೆ ಅಲ್ಲಿ ಒಂದು ರಾತ್ರಿ ಮಲಗಿ, ಮರುದಿನ ವನ ನೋಡಿಕೊಂಡು, ಆಮೇಲೆ 2,400 ಮೀಟರ್‌ನ ಮ್ಯಾಮತ್ ಲೇಕ್ಸ್‌ಗೆ ಹೋಗಿ. ತಲೆನೋವು, ವಾಕರಿಕೆ ಶುರುವಾದರೆ ಆತಿಥೇಯರ ಬಳಿ ಸಂಕೋಚಪಡದೆ ಹೇಳಿ, ಕೆಳಗಿಳಿಯಿರಿ.

ಗೆಳೆಯರಿಗೆ ಒಯ್ಯುವ ಉಡುಗೊರೆಯ ಬಗ್ಗೆ ಒಂದು ಎಚ್ಚರಿಕೆ. ಬೇರೆ ರಾಜ್ಯಗಳಿಂದ ಕ್ಯಾಲಿಫೋರ್ನಿಯಾಕ್ಕೆ ಬರುವ ಪ್ರಮುಖ ಹೆದ್ದಾರಿಗಳಲ್ಲಿ ಕೃಷಿ ತಪಾಸಣಾ ಠಾಣೆಗಳಿವೆ. ಹಣ್ಣು, ಗಿಡ, ಅದರಲ್ಲೂ ನಿಂಬೆ ಜಾತಿಯ ಗಿಡಗಳನ್ನು ಕಾಡುವ ಕೀಟವನ್ನು ಹೊತ್ತು ತರಬಲ್ಲ ಕರಿಬೇವಿಗೆ ನಿರ್ಬಂಧವಿದೆ. ಠಾಣೆ ಸಿಗದ ದಾರಿಯಲ್ಲಿ ಬಂದರೂ ಅದನ್ನು ತರಬೇಡಿ. ಒಣಗಿದ ಮಸಾಲೆ ಪುಡಿಯನ್ನೋ ಸಿಹಿತಿಂಡಿಯನ್ನೋ ಕಟ್ಟಿಕೊಂಡು ಹೋಗಿ. ಮ್ಯಾಮತ್‌ನಲ್ಲಿ ಕಾರು ನಿಲ್ಲಿಸಿದ ಕೂಡಲೇ ಆ ತಿಂಡಿಯನ್ನೂ, ಉಳಿದ ಬಿಸ್ಕತ್ತಿನ ಪೊಟ್ಟಣವನ್ನೂ ಮನೆಯೊಳಕ್ಕೆ ಸಾಗಿಸಿ, ಏಕೆಂದರೆ ವಾಸನೆ ಹಿಡಿದು ಬರುವ ಕರಡಿಗಳು ಕಾರಿನ ಬಾಗಿಲನ್ನೇ ಕಿತ್ತು ತೆಗೆಯಬಲ್ಲವು.

ಮುಂದೆ ಲೀ ವೈನಿಂಗ್‌ನಲ್ಲಿ ಮೋನೋ ಸರೋವರ ನೋಡಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ದಾಟುವ ಯೋಚನೆಯಿದ್ದರೆ, 3,031 ಮೀಟರ್ ಎತ್ತರದ ಟಯೋಗಾ ಪಾಸ್ ತೆರೆದಿದೆಯೇ ಎಂದು ಮ್ಯಾಮತ್ ಬಿಡುವ ಮೊದಲೇ ವಿಚಾರಿಸಿ. ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ಕೊನೆಯವರೆಗೆ ಅದು ಮುಚ್ಚಿರುತ್ತದೆ, ಅಕ್ಟೋಬರ್‌ನ ಒಂದು ಹಿಮಪಾತವೂ ಅದನ್ನು ಕೆಲವು ದಿನ ನಿಲ್ಲಿಸಬಲ್ಲದು. ಮುಚ್ಚಿದ್ದರೆ ಬೇರೆ ಘಾಟಿಯನ್ನು ಹುಡುಕುತ್ತಾ ಹಿಮದಲ್ಲಿ ಅಲೆಯುವ ಬದಲು, ಗೆಳೆಯರಲ್ಲಿ ಇನ್ನೊಂದು ದಿನ ಉಳಿಯಲು ಕೇಳಿಕೊಂಡು, 395ರಲ್ಲಿಯೇ ದಕ್ಷಿಣಕ್ಕೆ ಹಿಂತಿರುಗಿ.