ಧಾರವಾಡದಿಂದ ಕಾರವಾರ: ಮಕ್ಕಳ ಜೊತೆ ಒಂದು ದಿನ, ಎರಡೇ ಜಾಗ

ಧಾರವಾಡದ ಮಕ್ಕಳಿಗೆ ದೊಡ್ಡ ನೀರು ಅಂದರೆ ಕೆಲಗೇರಿ ಕೆರೆ, ಬಹಳ ಆದರೆ ಹುಬ್ಬಳ್ಳಿಯ ಉಣಕಲ್ ಕೆರೆ. ಹಾಗಾಗಿ ಡಿಸೆಂಬರಿನಲ್ಲಿ ಕಾರವಾರಕ್ಕೆ ಹೋಗೋಣ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ಒಂದೊಂದು ಜಾಗದ ಹೆಸರು ಹೇಳತೊಡಗಿದರು. ಮಾಗೋಡು ಜಲಪಾತ ದಾರಿಯಲ್ಲೇ ಇದೆ ಅಂದರು ನಮ್ಮ ಮನೆಯವರು. ಗೋಕರ್ಣ ಬಿಟ್ಟು ಬರೋದು ಹೇಗೆ ಅಂದರು ಅತ್ತೆ. ನಾದಿನಿಯ ಮಗ ದೇವಬಾಗಕ್ಕೆ ದೋಣಿಯಲ್ಲಿ ಹೋಗಬೇಕು ಅಂದ. ನಾನು ಎಲ್ಲವನ್ನೂ ತೆಗೆದುಹಾಕಿ ಎರಡು ಮಾತ್ರ ಉಳಿಸಿದೆ. ಒಂದು ಯುದ್ಧನೌಕೆ ಮ್ಯೂಸಿಯಂ. ಇನ್ನೊಂದು ಅದು ನಿಂತಿರುವ ರವೀಂದ್ರನಾಥ ಟ್ಯಾಗೋರ್ ಬೀಚ್. ಮಕ್ಕಳಿರುವಾಗ ಒಂದು ದಿನಕ್ಕೆ ಇಷ್ಟೇ ಸಾಕು. ಕಾರಿಗೆ ಹತ್ತೋದು, ಇಳಿಯೋದು, ಚಪ್ಪಲಿ ಹುಡುಕೋದು, ಇದರಲ್ಲೇ ಅರ್ಧ ದಿನ ಹೋಗುತ್ತದೆ.

ನಮ್ಮ ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತನ್ನು ನಾನು ಶಾಲೆಗೆ ಹೋಗುವಾಗಿಂದ ಕೇಳುತ್ತಿದ್ದೇನೆ. ಈಗ ನನ್ನ ಮಕ್ಕಳು ಕೇಳುತ್ತಿದ್ದಾರೆ. ಸದ್ಯಕ್ಕೆ ರಸ್ತೆಯೇ ಗತಿ. ಧಾರವಾಡದಿಂದ ಕಲಘಟಗಿ, ಕಿರವತ್ತಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಅಲ್ಲಿಂದ ಬಲಕ್ಕೆ ಕಾರವಾರ. ಎಲ್ಲ ಸೇರಿ 170 ಕಿ.ಮೀ. ಆಸುಪಾಸು. ಬೆಳಿಗ್ಗೆ ಐದೂವರೆಗೆ ಬಿಟ್ಟೆವು. ಮಕ್ಕಳನ್ನು ನಿದ್ದೆಯಲ್ಲೇ ಎತ್ತಿ ಕಾರಿನಲ್ಲಿ ಮಲಗಿಸಿದರೆ ಯಲ್ಲಾಪುರದ ತನಕ ತಕರಾರು ಇರಲ್ಲ.

ಅಸಲಿ ಪರೀಕ್ಷೆ ಇರೋದು ಅರಬೈಲ್‌ನಲ್ಲಿ. ಘಟ್ಟದ ತಿರುವುಗಳಲ್ಲಿ ಮಕ್ಕಳು ಕಾರಿಕೊಳ್ಳೋದು ಹೊಟ್ಟೆ ಕೆಟ್ಟು ಅಲ್ಲ. ಮೈ ತಿರುಗುತ್ತಿದೆ ಅಂತ ಕಿವಿಯ ಒಳಭಾಗ ಹೇಳುತ್ತದೆ. ಕಣ್ಣು ಮೊಬೈಲ್ ಮೇಲಿದ್ದರೆ ಏನೂ ಅಲುಗಾಡುತ್ತಿಲ್ಲ ಅಂತ ಹೇಳುತ್ತದೆ. ಈ ಎರಡರ ಜಗಳಕ್ಕೇ ವಾಕರಿಕೆ ಬರೋದು. ಅದಕ್ಕೆ ನಾನು ಮಾಡಿದ್ದು ಇಷ್ಟು. ಯಲ್ಲಾಪುರದಲ್ಲಿ ನಿಲ್ಲಿಸಿ ತಲಾ ಎರಡು ಇಡ್ಲಿ ತಿನ್ನಿಸಿದೆ. ಹಾಲು, ಎಣ್ಣೆ ತಿಂಡಿ ಕೊಡಲಿಲ್ಲ. ಹಸಿದ ಹೊಟ್ಟೆಯೂ ಬೇಡ, ಬಿರಿಯುವಂತೆ ತಿನ್ನೋದೂ ಬೇಡ. ಮೊಬೈಲ್ ಕಿತ್ತುಕೊಂಡೆ. ಕಿಟಕಿ ಇಳಿಸಿದೆ. ಯಾವಾಗಲೂ ಕಾರಿಕೊಳ್ಳುವ ಐದು ವರ್ಷದ ಮಗಳನ್ನು ಹಿಂದಿನ ಸೀಟಿನ ನಡುವೆ, ಮುಂದಿನ ರಸ್ತೆ ಕಾಣುವ ಹಾಗೆ ಕೂರಿಸಿದೆ. ಕೈಯಲ್ಲಿ ನಿಂಬೆಹಣ್ಣು ಕೊಟ್ಟೆ. ನಿಂಬೆಯಿಂದ ಎಷ್ಟು ಉಪಯೋಗವೋ ಗೊತ್ತಿಲ್ಲ, ಕೈಗೆ ಒಂದು ಕೆಲಸ ಅಂತೂ ಆಯಿತು.

ಹೊರಗೆ ನೋಡಿ ಅಂದರೆ ಮಕ್ಕಳು ಸುಮ್ನೆ ನೋಡಲ್ಲ. ಏನಾದರೂ ಹುಡುಕಲು ಕೊಡಬೇಕು. ನಾನು ನದಿ ಕೊಟ್ಟೆ. ನಮ್ಮ ಸೋಮೇಶ್ವರ ಗುಡಿಯ ಹತ್ತಿರ ಸಣ್ಣ ಒರತೆಯಾಗಿ ಹುಟ್ಟುವ ಶಾಲ್ಮಲಾ ಮುಂದೆ ಬೇಡ್ತಿಗೆ ಸೇರುತ್ತದೆ. ಮಾಗೋಡಿನಲ್ಲಿ ಬೀಳುವುದು ಅದೇ ಬೇಡ್ತಿ. ಘಟ್ಟ ಇಳಿದ ಮೇಲೆ ಅದಕ್ಕೇ ಗಂಗಾವಳಿ ಅಂತಾರೆ. ಅರಬೈಲ್ ಇಳಿದು ರಾಮನಗುಳಿ, ಸುಂಕಸಾಳದ ಕಡೆ ಬಂದರೆ ಮರಗಳ ಸಂದಿಯಲ್ಲಿ ಹೊಳೆ ಆಗಾಗ ಕಾಣುತ್ತದೆ. "ನಮ್ಮ ಧಾರವಾಡದ ನೀರು ನಮಗಿಂತ ಮೊದಲ ಸಮುದ್ರಕ್ಕ ಹೋಗೇತಿ" ಅಂದೆ. ಅಷ್ಟೇ, ಅಂಕೋಲಾ ತನಕ ಹೊಳೆ ಕಂಡವರು ಕೂಗಬೇಕು ಅಂತ ಆಟ ಶುರುವಾಯಿತು. ಯಾರೂ ಕಾರಿಕೊಳ್ಳಲಿಲ್ಲ.

ಈಗ ಮುಖ್ಯ ವಿಷಯ. ಮೊದಲು ಹಡಗು, ಆಮೇಲೆ ನೀರು. ಬೀಚ್ ಕಂಡ ಕೂಡಲೇ ಮಕ್ಕಳು ಓಡುತ್ತಾರೆ, ಒಮ್ಮೆ ಬಿಟ್ಟರೆ ಮುಗಿಯಿತು. ಒದ್ದೆ ಬಟ್ಟೆ, ಮರಳು ಕಾಲು ಇಟ್ಟುಕೊಂಡು ಹಡಗಿನ ಕಡಿದಾದ ಏಣಿ ಹತ್ತಿಸಲು ಆಗಲ್ಲ. ಇನ್ನೊಂದು ಕಾರಣವೂ ಇದೆ. ಹಡಗು ಪೂರ್ತಿ ಕಬ್ಬಿಣ. ಬಿಸಿಲು ಏರಿದ ಮೇಲೆ ಕಂಬಿ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಬೆಳಗಿನ ಹೊತ್ತೇ ಒಳ್ಳೆಯದು.

ಆ ಹಡಗಿನ ಹೆಸರು ಐಎನ್‌ಎಸ್ ಚಪಲ್. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ನಮ್ಮ ನೌಕಾಪಡೆ ಸೇರಿತು, 2005ರಲ್ಲಿ ನಿವೃತ್ತಿ ಆಯಿತು. ಮರುವರ್ಷ ಇಲ್ಲಿ ದಡಕ್ಕೆ ತಂದು ಮ್ಯೂಸಿಯಂ ಮಾಡಿದರು. ಡೆಕ್ಕಿನ ಮೇಲೆ ಎಡಕ್ಕೆ ಎರಡು, ಬಲಕ್ಕೆ ಎರಡು ಕ್ಷಿಪಣಿ ಗೂಡುಗಳು. ನಮ್ಮ ಪಕ್ಕದಲ್ಲಿದ್ದ ಒಬ್ಬರು ತಮ್ಮ ಮಕ್ಕಳಿಗೆ "ಇದೇ ನೋಡು ಕರಾಚಿ ಸುಟ್ಟಿದ್ದು" ಅಂತ ಹೇಳುತ್ತಿದ್ದರು. ಹಾಗೆ ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಇಸವಿ ನೋಡಿ. ಕರಾಚಿ ಬಂದರಿನ ಮೇಲೆ ದಾಳಿ ಆದದ್ದು 1971ರ ಡಿಸೆಂಬರ್ 4ರ ರಾತ್ರಿ. ಅದನ್ನು ಮಾಡಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಹಡಗುಗಳು. ಅದರ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ. ಚಪಲ್ ಅದೇ ಜಾತಿಯ ದೋಣಿ, ಆದರೆ ಆಗಿನ್ನೂ ನೌಕಾಪಡೆಗೆ ಬಂದಿರಲಿಲ್ಲ. ಇದನ್ನು ಮಗನಿಗೆ ಹೇಳಿದೆ. ಅವನ ಮುಖ ಸಪ್ಪಗಾಯಿತು. "ಹಂಗಾದ್ರ ಇದು ಯಾರಿಗೂ ಹೊಡದಿಲ್ಲೇನವ್ವಾ?" ಅಂದ. ಅತ್ತೆ ಹಿಂದಿನಿಂದ, "ಹೊಡೀದನ ಕಾವಲ ಕಾಯೋದೂ ಕೆಲಸನ ಐತಿ ತಮ್ಮಾ" ಅಂದರು.

ಒಳಗೆ ಇಳಿದ ಮೇಲೆ ಸಪ್ಪೆ ಮುಖ ಸರಿಹೋಯಿತು. ಬಾಗಿಲು ಎಷ್ಟು ಸಣ್ಣದೆಂದರೆ ದೊಡ್ಡವರು ತಲೆ ಬಗ್ಗಿಸಿ, ಹೊಸ್ತಿಲು ದಾಟಿ, ಒಂದೊಂದೇ ಕಾಲು ಇಡಬೇಕು. ಮಕ್ಕಳು ಸೀದಾ ಹೋಗುತ್ತಾರೆ. ಅವರಿಗೆ ಅದೇ ದೊಡ್ಡ ಖುಷಿ. ನೌಕಾಪಡೆಯ ಉಡುಪು ತೊಡಿಸಿದ ಗೊಂಬೆಗಳಿವೆ. ಮಲಗುವ ಜಾಗ ನೋಡಿ ಮಗಳು ಬಹಳ ಹೊತ್ತು ನಿಂತಳು. ಮನುಷ್ಯ ಹೊರಳಲೂ ಆಗದಷ್ಟು ಕಿರಿದು, ಮೇಲೆ ಕೈಗೆ ತಾಗುವಷ್ಟು ಹತ್ತಿರ ಇನ್ನೊಂದು. "ಇವರ ಅವ್ವ ಎಲ್ಲಿ ಮಲ್ಕೋತಾಳ?" ಅಂತ ಕೇಳಿದಳು. ಅತ್ತೆಗೆ ಮಂಡಿನೋವು, ಅವರು ಮೇಲಿನ ಡೆಕ್ ತನಕ ಮಾತ್ರ ಬಂದರು. ಮಂಡಿನೋವು ಇದ್ದವರು ಕೆಳಗೆ ಇಳಿಯದಿರುವುದೇ ಸರಿ, ಏಣಿ ನೇರ ಇದೆ.

ಪಕ್ಕದಲ್ಲಿ ಈಗ ಟುಪೊಲೆವ್ ಟಿಯು-142 ವಿಮಾನವೂ ಬಂದಿದೆ. ನೌಕಾಪಡೆಯಲ್ಲಿ 1988ರಿಂದ 2017ರ ತನಕ ಸಮುದ್ರದ ಮೇಲೆ ಕಣ್ಣಿಟ್ಟಿದ್ದ ವಿಮಾನಗಳ ಪೈಕಿ ಒಂದು. ಮಕ್ಕಳಿಗೆ ಇಲ್ಲೊಂದು ಪಂದ್ಯ ಕಟ್ಟಿ: ಹಡಗು ಉದ್ದವೋ, ವಿಮಾನ ಉದ್ದವೋ? ಎಲ್ಲರೂ ಹಡಗು ಅಂತಾರೆ. ಚಪಲ್ 39 ಮೀಟರ್‌ಗೂ ಕಡಿಮೆ. ವಿಮಾನ 53 ಮೀಟರ್. ಇಂಜಿನ್ ನಾಲ್ಕು, ಒಂದೊಂದಕ್ಕೂ ಹಿಂದೆ ಮುಂದೆ ಎರಡು ಫ್ಯಾನು, ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ. ಹನ್ನೆರಡು ವರ್ಷದ ನಾದಿನಿಯ ಮಗ ಅಲ್ಲಿಂದ ಕದಲಲೇ ಇಲ್ಲ.

ಊಟ ನಾವು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಮೀನು ತಿನ್ನುವವರಿಗೆ ಕಾರವಾರದಲ್ಲಿ ಯಾವ ಚಿಂತೆಯೂ ಇಲ್ಲ. ನಮ್ಮ ಮನೆಯಲ್ಲಿ ರೂಢಿ ಇಲ್ಲ. ಒಂದು ಮಾತು ನೆನಪಿಡಿ, ಖಡಕ್ ರೊಟ್ಟಿ ಒಯ್ಯಬೇಡಿ. ಸಮುದ್ರದ ಗಾಳಿಗೆ ಡಬ್ಬಿ ತೆಗೆದ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ಎಳೆದರೆ ಹರಿಯಲ್ಲ. ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರನ್ನ ಸಾಕು. ಗಾಳಿಮರದ ನೆರಳಲ್ಲಿ, ಮರಳಿನಿಂದ ದೂರ ಕೂತು ಉಂಡೆವು.

ಅತ್ತೆ ನಿವೃತ್ತ ಟೀಚರ್, ಊಟದ ಜೊತೆ ಪಾಠವೂ ಆಯಿತು. ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಬ್ರಿಟಿಷರ ಕಾಲದ ಐಸಿಎಸ್ ಪರೀಕ್ಷೆ ಪಾಸು ಮಾಡಿದ ಮೊದಲ ಭಾರತೀಯ, ಕಾರವಾರದಲ್ಲಿ ಜಡ್ಜ್ ಆಗಿದ್ದರು. ಟ್ಯಾಗೋರರು 22ರ ಹುಡುಗನಾಗಿದ್ದಾಗ, 1883ರಲ್ಲಿ, ಅಣ್ಣನ ಮನೆಗೆ ಬಂದು ಇದ್ದರು. ಬೆಳದಿಂಗಳಲ್ಲಿ ಕಾಳಿ ಹೊಳೆಯಲ್ಲಿ ದೋಣಿಯಲ್ಲಿ ಹೋದದ್ದನ್ನು ಮುಂದೆ ಬರೆದಿದ್ದಾರೆ. ಮಕ್ಕಳು ಇದನ್ನೆಲ್ಲ ಕೇಳಿದರೋ ಇಲ್ಲವೋ, ಅವರ ಕಣ್ಣು ಅಲೆಗಳ ಮೇಲಿತ್ತು.

ನೀರಿಗೆ ಬಿಡುವ ಮೊದಲು ಮೊಬೈಲ್‌ನಲ್ಲಿ ಭರತ-ಇಳಿತದ ಸಮಯ ನೋಡಿಕೊಂಡಿದ್ದೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಆ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನೀರು ಇಳಿದಿರುವ ದಿನವನ್ನೇ ಆರಿಸಿಕೊಂಡೆವು. ಆಗ ಅಗಲವಾದ, ಗಟ್ಟಿಯಾದ ಒದ್ದೆ ಮರಳು ಸಿಗುತ್ತದೆ. ಅದರ ಮೇಲೆ ಏಡಿಗಳ ಕೆಲಸ ನೋಡಬೇಕು. ಉಗುರಿನಷ್ಟು ಸಣ್ಣ ಏಡಿ ಬಿಲದಿಂದ ಹೊರಬಂದು ಮರಳನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ತಿನ್ನುವ ಅಂಶ ತೆಗೆದುಕೊಂಡು ಉಳಿದ ಮರಳನ್ನು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಬಿಲದ ಸುತ್ತ ಅಂಥ ಉಂಡೆಗಳ ಸಾಲು ಸಾಲು, ಅಂಗಳದಲ್ಲಿ ಚುಕ್ಕಿ ಇಟ್ಟ ರಂಗೋಲಿಯ ಹಾಗೆ. ನಾವು ಅಲುಗಾಡಿದರೆ ಟಪ್ ಅಂತ ಒಳಗೆ. ಉಸಿರು ಹಿಡಿದು ಕೂತರೆ ಮತ್ತೆ ಹೊರಗೆ. ಸುಮ್ನೆ ಕೂರು ಅಂತ ನಾನು ಎಷ್ಟು ಹೇಳಿದರೂ ಕೂರದ ಮಗ ಅಲ್ಲಿ ಕಲ್ಲಾಗಿ ಕೂತ.

ನೀರಿನ ನಿಯಮ ನಮ್ಮಲ್ಲಿ ಮೂರೇ. ಮೊಣಕಾಲಿಗಿಂತ ಆಳ ಇಲ್ಲ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲುವ ಹಾಗಿಲ್ಲ, ಫೋಟೋಕ್ಕೂ ಇಲ್ಲ. ದೊಡ್ಡವರಲ್ಲಿ ಒಬ್ಬರು ಮಕ್ಕಳಿಗಿಂತ ಮುಂದೆ, ಆಳದ ಕಡೆ ನಿಂತಿರಬೇಕು, ಕೈಯಲ್ಲಿ ಮೊಬೈಲ್ ಇರಬಾರದು. ದಡದಲ್ಲಿ ಕೂತು ನೋಡಿಕೊಳ್ಳುತ್ತೇನೆ ಅನ್ನೋದು ನೋಡಿಕೊಂಡ ಹಾಗಲ್ಲ. ದಡಕ್ಕೆ ಬಿದ್ದ ಅಂಬಲಿ ಮೀನು (ಜೆಲ್ಲಿಫಿಶ್) ಸತ್ತಂತೆ ಕಂಡರೂ ಮುಟ್ಟಬಾರದು, ಅದು ಆಗಲೂ ಚುರುಗುಟ್ಟಿಸುತ್ತದೆ. ಮಗಳಿಗೆ ಅಲೆ ಅಂದರೆ ಭಯ. ಎಳೆದುಕೊಂಡು ಹೋಗಲಿಲ್ಲ. ಅಲೆ ಮುಟ್ಟಿ ಹಿಂದಕ್ಕೆ ಹೋಗುವ ಕಡೆ ಒಂದು ಗುಂಡಿ ತೋಡಿ ಕೊಟ್ಟೆ. ಅಲೆ ಬಂದು ಗುಂಡಿ ತುಂಬುತ್ತದೆ, ಅವಳು ಅದರಲ್ಲೇ ಕೂತಳು. ಒಂದು ತಾಸಿನ ಮೇಲೆ ತಾನೇ ಎದ್ದು ಅಲೆಯ ಹತ್ತಿರ ಹೋದಳು. "ಅಜ್ಜೀ, ನೀರ ಉಪ್ಪ ಐತಿ!" ಅಂತ ಚೀರಿದಳು.

ಮರಳು ಬಿಡಿಸೋದೇ ಒಂದು ವಿದ್ಯೆ. ಮನೆಯಿಂದ 20 ಲೀಟರಿನ ಕ್ಯಾನಿನಲ್ಲಿ ಸಿಹಿನೀರು ತಂದು ಡಿಕ್ಕಿಯಲ್ಲಿ ಇಟ್ಟಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅದು ತಾನೇ ಉಗುರುಬೆಚ್ಚಗಾಗಿತ್ತು, ಮಕ್ಕಳು ಚಳಿ ಅನ್ನಲಿಲ್ಲ. ತಂಬಿಗೆಯಿಂದ ಮೇಲಿನಿಂದ ಕೆಳಗೆ ಸುರಿದು, ಹಳೆಯ ಧೋತರದಿಂದ ಒರೆಸಿದೆ. ಕಾಲು, ತೊಡೆ ಸಂದಿಗೆ ಸ್ವಲ್ಪ ಟಾಲ್ಕಂ ಪೌಡರ್ ಹಾಕಿ ತೀಡಿದರೆ ಅಂಟಿದ ಮರಳು ಉದುರಿಹೋಗುತ್ತದೆ. ಟವೆಲ್‌ನಲ್ಲಿ ತಿಕ್ಕಿದರೆ ಚರ್ಮ ಕೆಂಪಾಗಿ ಮನೆ ತನಕ ಅಳು.

ನಾಲ್ಕೂವರೆಗೆ ಹೊರಟೆವು. ಕಾರವಾರಕ್ಕೆ ಹೋಗಿ ಸೂರ್ಯಾಸ್ತ ನೋಡದೇ ಬರ್ತೀರಾ ಅಂತ ಎಲ್ಲರೂ ಕೇಳಿದರು. ಆದರೆ ಅದನ್ನು ನೋಡಿ ಹೊರಟರೆ ಅರಬೈಲ್ ಕತ್ತಲಲ್ಲಿ ಹತ್ತಬೇಕು. ಎದುರಿನಿಂದ ಲಾರಿಗಳ ಲೈಟು, ಹಿಂದೆ ದಣಿದ ಮಕ್ಕಳು. ನನಗೆ ಬೆಳಕಿರುವಾಗ ಘಟ್ಟ ಹತ್ತಿದ್ದೇ ಸರಿ ಅನಿಸಿತು, ಈಗಲೂ ಹಾಗೇ ಅನಿಸುತ್ತದೆ. ಬಿಣಗಾ ಹತ್ತಿರದ ಸುರಂಗದಲ್ಲಿ ಮಕ್ಕಳು ಕೂಗಿದ ಕೂಗೇ ಕೊನೆಯದು, ಅಂಕೋಲಾ ಬರುವ ಮೊದಲೇ ಮೂವರೂ ಮಲಗಿದ್ದರು.

ಹೋಗುವ ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ಕಡಲು ಮಕ್ಕಳ ಜಾಗ ಅಲ್ಲ, ಘಟ್ಟದಲ್ಲಿ ಗುಡ್ಡ ಕುಸಿಯುವ ಭಯ ಬೇರೆ. ಮೇ ರಜೆಯಲ್ಲಿ ಮರಳು ಕಾಲು ಸುಡುತ್ತದೆ. ಆಗ ಹೋಗಲೇಬೇಕು ಅಂದರೆ ರಾತ್ರಿ ಅಂಕೋಲಾದಲ್ಲೋ ಕಾರವಾರದಲ್ಲೋ ಉಳಿದು, ಬೆಳಿಗ್ಗೆ ಏಳಕ್ಕೆ ನೀರಿಗಿಳಿದು ಹತ್ತರೊಳಗೆ ಹೊರಬನ್ನಿ. ಮೊದಲು ಹಡಗು ಅನ್ನುವ ಕ್ರಮ ಆಗ ತಪ್ಪುತ್ತದೆ. ಬಟ್ಟೆ ಬದಲಿಸಿಕೊಂಡು, ತಿಂಡಿ ತಿಂದು ಆಮೇಲೆ ನೋಡಬೇಕು. ಕಂಬಿ ಹಿಡಿಯಲು ಒಂದು ಕರವಸ್ತ್ರ ಇಟ್ಟುಕೊಳ್ಳಿ.